ಐದನೇ ಗಡಿಗೆ

ಕಿವಿ ಇರೋರು ಇತ್ತ ಬನ್ನಿ, ಇಲ್ದೋರು ಎದ್ದೋಗಿ ದನ ಕಟ್ಟಿ. ಈ ಕಥೆನ ಇಷ್ಟು ನೆಟ್ಟಗೆ ಹೇಳೋರು ಸುತ್ತ ಏಳು ಹಳ್ಳೀಲಿ ಇಲ್ಲ. ಓದಿದೋರು ಹೇಳಾಕೋಗಿ ನಡುವೆ ಎಡವಿ ಬಿದ್ದವ್ರೆ.

ಒಂದು ಊರಿತ್ತು. ಮನೆಗೆ ಮನೆ ಅಂಟ್ಕೊಂಡು ಕಟ್ಟಿದ ಊರು, ಜೇನುಗೂಡಿನ ಹಂಗೆ. ಬೀದಿ ಇಲ್ಲ, ಸಂದಿ ಇಲ್ಲ. ಒಬ್ಬರ ತಾರಸಿ ಹಾಯ್ದು ಇನ್ನೊಬ್ಬರ ಮನೆಗೆ ಇಳೀಬೇಕು. ಪ್ರತಿ ಮನೆಗೂ ಒಂದೇ ಬಣ್ಣ, ತಾರಸಿಯಿಂದ ಹೊಸಲ ತನಕ, ಗೋಡೆ ಒಳಮೈ ತನಕ. ಆ ಊರಲ್ಲಿ ಗೋಡೆ ನಿಂತಿದ್ದು ಮಣ್ಣಿನ ಬಲದಿಂದಲ್ಲ. ಗೋಡೆಯ ಈ ಮೈಗೊಂದು ಬಣ್ಣ, ಆ ಮೈಗೊಂದು ಬಣ್ಣ, ಎರಡೂ ಎಳೆದು ಹಿಡ್ಕೊಂಡಿದ್ದಕ್ಕೆ ನಿಂತಿತ್ತು. ಎರಡು ಕಡೆಗೂ ಒಂದೇ ಬಣ್ಣ ಆಯ್ತೋ, ಗೋಡೆ ಉಪ್ಪಿನ ಹಂಗೆ ಕರಗೋದು. ಗೋಡೆ ಕರಗಿದ್ರೆ ಮನುಷ್ಯರೂ ಕರಗೋರು. ಇವ್ರ ನೆನಪು ಅವ್ರಿಗೆ ಹರಿಯೋದು, ಅವ್ರ ನೆನಪು ಇವ್ರಿಗೆ ಹರಿಯೋದು. ಹೊತ್ತು ಮುಳುಗೋದ್ರೊಳಗೆ ಆ ಕೂಡಿಹೋದ ಮನೆಗೆ ಸುತ್ತಲ ಯಾವ ಮನೆಗೂ ಇಲ್ದ ಬಣ್ಣ ಬಳೀಬೇಕು, ಕರಗಿಸಿದ ಬಣ್ಣ ಮತ್ತೆ ಹಿಡಿಯಲ್ಲ. ಬಳೀಲಿಲ್ವೋ, ಕರಗೋದು ಊರಿಗೆಲ್ಲ ಹಬ್ಬೋದು. ಅದಕ್ಕೇ ಹೊತ್ತಿಗೆ ಬಣ್ಣ ಸಿಗದ ಮನೆಗೆ ಮಣ್ಣು ತುಂಬಿ, ಅದರೊಳಗಿದ್ದೋರನ್ನ ಗಡಿಕಲ್ಲಿನಾಚೆ ಬಿಟ್ಟು ಬರೋರು.

ವರ್ಷಕ್ಕೊಂದು ಸಲ ಬಳಿಯೋ ಹಬ್ಬ. ಐದು ಗಡಿಗೆ ಸಾಲಾಗಿ ಹೊರೋರು. ಕೆರೆ ಏರಿ ಮಣ್ಣಿನ ಕಾವಿ, ಚಿಪ್ಪು ಸುಟ್ಟ ಸುಣ್ಣ, ಗುಂಡಿ ಮಣ್ಣಿನ ಹಳದಿ, ಹೊಲದ ಗಿಡದ ನೀಲಿ, ಕೊನೇಗೆ ಹಸಿರು. ಹೊತ್ತೋರು ಹಾಡೋರು:

ನಿನ್ನದು ನಿನಗೆ, ನನ್ನದು ನನಗೆ, ನಡುವೆ ಬಣ್ಣ ಕಾಯಲಿ.

ನಾಲ್ಕು ಬಣ್ಣ ಕಾಲಡಿ ಸಿಗೋವು. ಹಸಿರೊಂದು ಹಂಗಲ್ಲ. ಅದು ಮುಳ್ಳುಬೆಟ್ಟದ ನೆತ್ತಿ ಮೇಲೆ ಬೆಳೆಯೋ ಒಂದು ಎಲೆಯ ಬಣ್ಣ. ಆ ಎಲೆ ಯಾವ್ದು ಅಂತ ಗೊತ್ತಿದ್ದಿದ್ದು ಒಂದೇ ಮನೆತನಕ್ಕೆ. ಆ ಮನೆತನದಲ್ಲಿ ಉಳಿದಿದ್ದು ಒಬ್ಬಳೇ. ಊರೋರು ಅವಳನ್ನ ಹಸಿರವ್ವ ಅನ್ನೋರು. ಅವಳ ಗಂಡ ಎಲೆಗೆ ಅಂತ ಹತ್ತಿ, ಅವಳ ಕಣ್ಣೆದುರೇ ಕಾಲು ಜಾರಿ, ಮುಳ್ಳಿನ ಮೇಲೆ ಬಿದ್ದು ಜೀವ ಬಿಟ್ಟಿದ್ದ. ಮಾರನೇ ವರ್ಷ ಹಸಿರವ್ವನೇ ಹತ್ತಿದ್ಳು. ಅದರ ಮಾರನೇ ವರ್ಷವೂ ಹತ್ತಿದ್ಳು. ಇಳಿದು ಬಂದಾಗ ಕಾಲೆಲ್ಲ ರಕ್ತ, ಬೆನ್ನ ಮೇಲೆ ಹಸಿರು ಹೊರೆ.

ಆ ಊರಿಗೆ ಒಬ್ಬ ಬಂದ. ಇಂಗ್ಲೆಂಡ್ ಅನ್ನೋ ದೇಶದಿಂದ, ಸಮುದ್ರ ದಾಟಿ. ಅವನ ಕಸುಬು ಲೆಕ್ಕ. ದುಡ್ಡಿನ ಲೆಕ್ಕ ಅಲ್ಲ, ಭೂಮಿ ಲೆಕ್ಕ ಅಲ್ಲ. ಯಾವ್ದು ಯಾವ್ದನ್ನ ತಾಕುತ್ತೆ, ತಾಕಿದ್ರೆ ಏನಾಗುತ್ತೆ ಅನ್ನೋ ಲೆಕ್ಕ. ಅವನ ದೇಶದಲ್ಲಿ ನಕ್ಷೆ ಬರ್ದು ಸೀಮೆಗೊಂದು ಬಣ್ಣ ತುಂಬೋರಂತೆ. ಅದನ್ನ ನೋಡ್ತಾ ನೋಡ್ತಾ ಅವನ ಹರೆಯ ಕಳೀತಂತೆ. ಕೊನೇಗೆ ಅದೇ ಲೆಕ್ಕದ ಮೇಲೆ ಬದುಕೋ ಊರೊಂದೈತೆ ಅಂತ ಕೇಳಿ ಹಡಗು ಹತ್ತಿದ. ಊರೋರು ಅವನನ್ನ ಲೆಕ್ಕದ ದೊರೆ ಅಂದ್ರು. ಇರೋಕೆ ಹಸಿರವ್ವನ ಪಕ್ಕದ ಹಳದಿ ಮನೆ ಕೊಟ್ರು.

ಊರ ಯಜಮಾನ ಅವತ್ತೇ ಕೇಳ್ದ: "ಯಾಕ್ ದೊರೆ, ನಿಮ್ ದೇಶದಾಗೆ ಗೋಡೆ ಇಲ್ವಾ?"

"ಇದೆ ಯಜಮಾನ್ರೆ. ಎಲ್ಲಾ ಮಂಜಿನ ಬಣ್ಣ."

"ಎಲ್ಲಾ ಒಂದೇ ಬಣ್ಣವಾ? ಹಂಗಾದ್ರೆ ನೀವು ಯಾವತ್ತೋ ಕರಗಿಹೋಗಿರ್ಬೇಕಲ್ಲ."

"ಕರಗಿದ್ದೀವಿ," ಅಂದ ದೊರೆ. "ಗೊತ್ತಾಗಿಲ್ಲ ಅಷ್ಟೇ."

ಯಜಮಾನ ಹೊಟ್ಟೆ ಹಿಡ್ಕೊಂಡು ನಕ್ಕ. ದೊರೆ ನಗ್ಲಿಲ್ಲ.

ದೊರೆಗೆ ಅಡಿಗೆ ಬರ್ತಿರ್ಲಿಲ್ಲ. ಹಸಿರವ್ವ ಎರಡು ಹಿಡಿ ರಾಗಿ ಜಾಸ್ತಿ ಬೀಸೋಳು. ಮುದ್ದೆ ಆದ ಕೂಡ್ಲೇ ರುಬ್ಬೋ ಗುಂಡು ತಗೊಂಡು ನಡುವಿನ ಗೋಡೆ ತಟ್ಟೋಳು, ಟೊಕ್ ಟೊಕ್. ದೊರೆ ಆ ಕಡೆಯಿಂದ ಬೆರಳ ಗಂಟಲ್ಲಿ ತಟ್ಟೋನು, ಟೊಕ್. ಆಮೇಲೆ ತಾರಸಿ ಹಾಯ್ದು ಉಣ್ಣಕ್ಕೆ ಇಳಿಯೋನು. ಹಗಲೂ ಅಷ್ಟೇ, ಸಂಜೆನೂ ಅಷ್ಟೇ. ಅವ್ನು ಹುಟ್ಟಿದ ಮೇಲೆ ಅವನನ್ನ ಕರೆದ ಸದ್ದು ಅದೊಂದೇ ಅನ್ನೋ ಹಂಗೆ ಕಾಯೋನು. ಲೆಕ್ಕದ ನಡುವೆನೂ ಕಿವಿ ಗೋಡೆ ಕಡೆಗೇ.

ದೊರೆ ಅಂಗಳದಲ್ಲಿ ಬೂದಿ ಹರಡ್ಕೊಂಡು, ಬೆರಳಲ್ಲಿ ಊರು ಬರೆಯೋನು. ಮನೆ ಮನೆಗೂ ಬಣ್ಣದ ಕಲ್ಲು ಇಡೋನು. ಗಾಳಿ ಬಂದು ಬೂದಿ ಹಾರೋದು, ಮತ್ತೆ ಬರೆಯೋನು. ಊರು ಹಾರೋದು, ಊರು ಕಟ್ಟೋದು. ಅಷ್ಟೇ ಅವನ ಆಯುಸ್ಸು.

ಒಂದು ವರ್ಷ ಹಸಿರವ್ವ ಬೆಟ್ಟ ಇಳಿದು ಬಂದಾಗ ಮಂಡಿ ಚಿಪ್ಪು ಒಡೆದಿತ್ತು. ಅವತ್ತು ಗೋಡೆ ತಟ್ಟೋ ಸದ್ದು ಬರ್ಲಿಲ್ಲ. ದೊರೆನೇ ಇಳಿದು ಹೋಗಿ ನೋಡ್ದ. ಅವಳು ಕಾಲು ಚಾಚ್ಕೊಂಡು ಕೂತು ಎಲೆ ಅರೀತಿದ್ಳು.

"ತಾಯಿ, ಈ ಎಲೆ ಇಲ್ದಿದ್ರೆ ಆಗಲ್ವಾ?"

"ಐದು ಗಡಿಗೆ ಇದ್ರೆ ಯಾವ ಊರಿಗೂ ಸಾಕು ಅಂದವ್ರೆ ಹಿರೀಕರು."

"ಐದು ಸಾಕು. ಅದು ನಿಜ. ಐದು ಬೇಕಾ?"

ಹಸಿರವ್ವ ಅರೆಯೋದು ನಿಲ್ಲಿಸಿ ನೋಡಿದ್ಳು. ಆ ಊರಲ್ಲಿ ಆ ಮಾತನ್ನ ಯಾರೂ ಕೇಳಿರ್ಲಿಲ್ಲ. ಸಾಕು ಅನ್ನೋದಕ್ಕೂ ಬೇಕು ಅನ್ನೋದಕ್ಕೂ ನಡುವೆ ಜಾಗ ಐತೆ ಅಂತ ಯಾರಿಗೂ ಹೊಳೆದಿರ್ಲಿಲ್ಲ. ದೊರೆ ಆ ಜಾಗದಲ್ಲಿ ಹೋಗಿ ಕೂತ.

ಕೂತೋನು ಏಳ್ಲಿಲ್ಲ. ಬೂದಿ ಮೇಲೆ ಊರು ಬರ್ದ, ಹಸಿರು ಕಲ್ಲು ತೆಗ್ದ, ಮಿಕ್ಕ ನಾಲ್ಕರಲ್ಲೇ ತುಂಬಿಸ್ದ. ಒಂದು ಮನೆಗೆ ನಾಲ್ಕೂ ಬಣ್ಣ ತಾಕಿ ಎಲ್ಲಿ ಸಿಕ್ಕಾಕ್ಕೊಂಡ್ತೋ ಅಲ್ಲೊಂದು ಉಪಾಯ ಕಂಡ್ಕೊಂಡ. ಅದರ ಹೆಸರು ಸಾಲು ಬದಲಿ. ಬಿಳಿ ಮನೆ ಹಳದಿ ಆಗ್ಲಿ. ಅದನ್ನ ತಾಕಿದ ಹಳದಿ ಮನೆ ಬಿಳಿ ಆಗ್ಲಿ. ಅದನ್ನ ತಾಕಿದ ಬಿಳಿ ಮನೆ ಹಳದಿ ಆಗ್ಲಿ. ಹಿಂಗೇ ಸಾಲು ಮುಗಿಯೋ ತನಕ ಬದಲಾಯಿಸ್ತಾ ಹೋದ್ರೆ ಯಾವ ಗೋಡೆಗೂ ಕುತ್ತಿಲ್ಲ, ಸಿಕ್ಕಾಕ್ಕೊಂಡ ಮನೆಗೊಂದು ಬಣ್ಣ ಬಿಡುವಾಗುತ್ತೆ. ಒಂದು ಸಾಲು ಸಾಲದಿದ್ರೆ ಎರಡು ಸಾಲು. ಎಂಥ ಊರೇ ಆಗ್ಲಿ, ನಾಲ್ಕೇ ಗಡಿಗೆ ಸಾಕು.

ದೊರೆ ಬೂದಿ ಮೆತ್ತಿದ ಕೈಯಲ್ಲೇ ಗೋಡೆ ತಟ್ಟಿದ. ಆ ಕಡೆಯಿಂದ ಗುಂಡಿನ ಸದ್ದು ಬಂತು. ತಾರಸಿ ಮೇಲೆ ಓಡಿ ಹೋಗಿ ಹೇಳ್ದ: "ತಾಯಿ, ಇನ್ನು ನೀವು ಬೆಟ್ಟ ಹತ್ತೋದು ಬೇಡ."

ಹಸಿರವ್ವ ಎಲೆ ಅರೆದು ಅರೆದು ಅಂಗೈಗೆ ಹತ್ತಿದ ಹಸಿರು ಕಲೆ ನೋಡ್ಕೊಂಡ್ಳು. ಆಮೇಲೆ ಅಂದ್ಳು: "ಹತ್ತೋದು ಬಿಟ್ರೆ ನಾನ್ಯಾರು ದೊರೆ?"

ಅವ್ನು ನಕ್ಕ. ಒಳ್ಳೇದು ಮಾಡಿದೋರ ನಗು ಅದು. ಅದಕ್ಕಿಂತ ಕುರುಡು ನಗು ಇನ್ನೊಂದಿಲ್ಲ.

ಯಜಮಾನ ಊರು ಸೇರಿಸ್ದ. ದೊರೆ ಬೂದಿ ಮೇಲೆ ಮಾಡಿ ತೋರಿಸ್ದ. ಜನ ಬಾಯಿ ಬಿಟ್ಕೊಂಡು ನೋಡಿದ್ರು.

"ಏನಂತೀಯಾ ಹಸಿರಕ್ಕ?" ಅಂದ ಯಜಮಾನ. "ನಿನ್ ಮಂಡಿಗೂ ರಜ, ಊರಿಗೂ ಹಗುರ."

"ಗಡಿಗೆ ಇರ್ಲಿ ಬಿಡಣ್ಣ. ಉಣ್ಣಕ್ಕೆ ಕೇಳುತ್ತಾ ಅದು?"

"ಇಟ್ಕೊಂಡ್ರೆ ಲೆಕ್ಕದ ಮೇಲೆ ನಂಬಿಕೆ ಇಲ್ಲ ಅಂದಂಗಾಯ್ತು. ಏನ್ ದೊರೆ, ಇಟ್ಕೋಬೇಕಾ?"

ಎಲ್ಲಾ ದೊರೆ ಮುಖ ನೋಡಿದ್ರು. ಹಸಿರವ್ವನೂ ನೋಡಿದ್ಳು. ಬೇಕು ಅನ್ನೋಕೆ ಅವ್ನಿಗೆ ಒಂದು ಉಸಿರು ಸಾಕಾಗಿತ್ತು. ಆದ್ರೆ ಲೆಕ್ಕದೋನಿಗೆ ಲೆಕ್ಕದ ಜಂಬ ಇರುತ್ತೆ, ಪೈಲ್ವಾನನಿಗೆ ತೋಳಿನ ಜಂಬ ಇದ್ದಂಗೆ. "ಬೇಕಿಲ್ಲ," ಅಂದ.

ಗಡಿಕಲ್ಲಿಗೆ ಬಡಿದು ಐದನೇ ಗಡಿಗೆ ಒಡೆದ್ರು. ಹಸಿರು ಬಣ್ಣ ಮಣ್ಣಲ್ಲಿ ಇಂಗಿ ಹೋಯ್ತು. ಹಸಿರವ್ವ ಚೂರು ಆಯ್ದು ಮಡಿಲಿಗೆ ಹಾಕ್ಕೊಂಡ್ಳು. ಊರಲ್ಲಿದ್ದ ಹಸಿರು ಮನೆ ಎಲ್ಲಾ ಬೇರೆ ಬಣ್ಣ ಆದ್ವು. ಅವಳ ಮನೆಗೆ ನೀಲಿ ಬಂತು. ಅವಳ ನೀಲಿಗೂ ಅವನ ಹಳದಿಗೂ ನಡುವೆ ಅದೇ ಗೋಡೆ.

ಆಮೇಲೂ ಅವಳು ಗೋಡೆ ತಟ್ಟೋಳು, ಟೊಕ್ ಟೊಕ್. ಅವ್ನು ತಟ್ಟೋನು, ಟೊಕ್. ಆದ್ರೆ ಉಣ್ಣೋವಾಗ ಮೊದಲಿನ ಮಾತಿರ್ಲಿಲ್ಲ. ಅವಳ ಅಂಗೈಲಿದ್ದ ಹಸಿರು ಕಲೆ ವರ್ಷ ವರ್ಷಕ್ಕೂ ಮಾಸ್ತಾ ಬಂತು. ಒಂದಿನ ಅವಳೇ ಅಂಗೈ ಚಾಚಿ ತೋರಿಸಿದ್ಳು: "ನೋಡಿ ದೊರೆ, ನಿಮ್ ಲೆಕ್ಕ ಸರಿ ಬಂತು. ಏನೂ ಉಳೀಲಿಲ್ಲ."

ದೊರೆ ತಲೆ ತಗ್ಗಿಸಿ ಮುದ್ದೆ ಮುರ್ದ.

ವರ್ಷಗಟ್ಟಲೆ ನಾಲ್ಕೇ ಗಡಿಗೇಲಿ ಊರು ನಡೀತು. ಸಿಕ್ಕಾಕ್ಕೊಂಡಾಗೆಲ್ಲ ಒಂದು ಸಾಲು ಬದಲಿ ಮಾಡಿದ್ರೆ ಸಾಕಾಗೋದು. ದೊರೆ ಹೆಸರು ಹಾಡಿಗೂ ಸೇರ್ತು. ಮಕ್ಕಳಿಗೆ ಹಸಿರು ಅಂದ್ರೆ ಅಜ್ಜಿ ಕಥೆ ಆಯ್ತು.

ಆಮೇಲೆ ಒಂದು ಮದುವೆ ಆಯ್ತು. ಹೊಸ ಹುಡುಗ, ಹೊಸ ಹುಡುಗಿ. ಊರ ನಡುವೆ ಬಿದ್ದೋದ ಮನೆಯೊಂದರ ಜಾಗದಲ್ಲಿ ಮನೆ ಕಟ್ಕೊಂಡ್ರು. ಸುತ್ತ ಐದು ಮನೆ. ಒಂದು ನೀಲಿ, ಆಮೇಲೆ ಬಿಳಿ, ಆಮೇಲೆ ಕಾವಿ, ಮತ್ತೆ ಬಿಳಿ, ಆಮೇಲೆ ಹಳದಿ. ನಾಲ್ಕು ಬಣ್ಣವೂ ತಾಕಿದ್ವು. ಒಲೆ ಹಚ್ಚೋಕೆ ಮುಂಚೆ ಅವ್ರಿಗೆ ಬಣ್ಣ ಬೇಕು.

ದೊರೆ ಬೂದಿ ಮೇಲೆ ನೋಡ್ದ. ಹೊಸ ಮನೆಗೆ ಬಿಳಿ ಬಿಡುವಾಗೋಕೆ ಮೊದಲ ಸಲ ಎರಡು ಸಾಲು ಬೇಕಾದ್ವು. ಒಂದು ಬಿಳಿ ಮನೆಯಿಂದ ಹೊರಟು ಬಿಳಿ ಹಳದಿ ಬದಲಾಗ್ತಾ ಹೋಗೋ ಸಾಲು. ಇನ್ನೊಂದು ಬಿಳಿ ಮನೆಯಿಂದ ಹೊರಟು ಬಿಳಿ ನೀಲಿ ಬದಲಾಗ್ತಾ ಹೋಗೋ ಸಾಲು. ಮೊದಲನೇದನ್ನ ಇಟ್ಟು ನೋಡ್ದ, ಸರಿ ಇತ್ತು. ಅದನ್ನ ಅಳಿಸಿ ಎರಡನೇದನ್ನ ಇಟ್ಟು ನೋಡ್ದ, ಅದೂ ಸರಿ ಇತ್ತು. ಅದೂ ಸರಿ, ಇದೂ ಸರಿ ಅಂದ್ಮೇಲೆ ಎರಡೂ ಸೇರಿದ್ರೂ ಸರಿನೇ ಅಂದ್ಕೊಂಡ. ಎಂಥ ಬುದ್ಧಿವಂತ! ಒಬ್ಬ ಒಳ್ಳೆ ಗಂಡು, ಒಬ್ಬಳು ಒಳ್ಳೆ ಹೆಣ್ಣು, ಬೇರೆ ಬೇರೆ ನೋಡಿ ಮದುವೆ ಮಾಡಿದಂಗೆ.

ಬಳಿಯೋ ಹಬ್ಬ ಬಂತು. ಎರಡೂ ಸಾಲು ಒಟ್ಟಿಗೆ ಹೊರಟ್ವು. ಮನೆಯಿಂದ ಮನೆಗೆ ಕೂಗು ಹೋಯ್ತು. "ನಿಮ್ದು ಹಳದಿ!" "ನಿಮ್ದು ಬಿಳಿ!" ಜನ ಕುಂಚ ಅದ್ದಿ ಹಾಡ್ಕೊಂಡು ಬಳಿದ್ರು.

ನಿನ್ನದು ನಿನಗೆ, ನನ್ನದು ನನಗೆ, ನಡುವೆ ಬಣ್ಣ ಕಾಯಲಿ.

ಮೊದಲನೇ ಸಾಲು ಸುತ್ತಿ ಬಳಸಿ ದೊರೆ ಮನೆಗೆ ಬಂತು. ಹಳದಿ ಇದ್ದಿದ್ದು ಬಿಳಿ ಆಗ್ಬೇಕು. ದೊರೆ ತಾನೇ ತೋಳು ಮಡಿಸಿ ಸುಣ್ಣ ಬಳಿದ. ಎರಡನೇ ಸಾಲು ಇನ್ನೊಂದು ಕಡೆಯಿಂದ ಸುತ್ತಿ ಬಳಸಿ ಹಸಿರವ್ವನ ಮನೆಗೆ ಬಂತು. ನೀಲಿ ಇದ್ದಿದ್ದು ಬಿಳಿ ಆಗ್ಬೇಕು. ಅವಳೂ ಒಂಟಿ ಮಂಡಿ ಊರಿ ಸುಣ್ಣ ಬಳಿದ್ಳು. ಇವ್ನಿಗೆ ಅವಳು ಕಾಣಲ್ಲ, ಅವಳಿಗೆ ಇವ್ನು ಕಾಣಲ್ಲ. ನಡುವೆ ಗೋಡೆ. ಈ ಮೈ ಬಿಳಿ, ಆ ಮೈ ಬಿಳಿ.

ಹೊತ್ತು ನೆತ್ತಿಗೆ ಬಂತು, ಸುಣ್ಣ ಒಣಗ್ತು. ಹಸಿರವ್ವ ಹಬ್ಬದ ಅಡಿಗೆ ಇಳಿಸಿ ಗುಂಡು ತಗೊಂಡು ಗೋಡೆ ತಟ್ಟಿದ್ಳು. ಟೊಕ್ ಅನ್ಬೇಕಾದ್ದು ಪಚ್ ಅಂತು. ಒದ್ದೆ ಬೆಲ್ಲ ತಟ್ಟಿದಂಗೆ. ದೊರೆ ಕೈ ಎತ್ತಿ ಈ ಕಡೆಯಿಂದ ತಟ್ಟಿದ. ಕೈ ಮೊಣಕೈ ತನಕ ಒಳಗೆ ಹೋಯ್ತು. ಆ ಕಡೆಯಿಂದ ಇನ್ನೊಂದು ಕೈ ಅದನ್ನ ಹಿಡ್ಕೊಂಡ್ತು.

ಗೋಡೆ ಸದ್ದಿಲ್ದೆ ಇಳಿದು ಹೋಯ್ತು. ಇಬ್ರೂ ಎದುರಾಬದುರು ನಿಂತಿದ್ರು, ಮೈಯೆಲ್ಲ ಬಿಳಿ. ದೊರೆಗೆ ಬೆಟ್ಟದ ಮುಳ್ಳಿನ ಉರಿ ಅಂಗಾಲಲ್ಲಿ ಹತ್ತಿತು. ಯಾವನೋ ಒಬ್ಬ ಗಂಡಸು ಕಾಲು ಜಾರಿ ಬೀಳ್ತಾ, ಬೀಳ್ತಾನೇ ಇವನ ಕಡೆ ನೋಡಿ, "ಹೊರೆ ಬಿಡ್ಬೇಡ ಕಣೇ" ಅಂದ. ದೊರೆ ಅಯ್ಯೋ ಅಂತ ಕೂಗಿ ಅಳ್ತಾ ಕೂತ. ಹಸಿರವ್ವ ಎದೆ ಮೇಲೆ ಕೈ ಇಟ್ಕೊಂಡು, ನೋಡೇ ಇಲ್ದ ಊರೊಂದರ ಮಂಜು ನೋಡ್ತಾ ನಿಂತ್ಳು.

ಜನ ತಾರಸಿ ಮೇಲಿಂದ ಬಗ್ಗಿ ನೋಡಿ ಬಾಯಿ ಬಡ್ಕೊಂಡ್ರು. ಕರಗಿಸಿದ ಬಿಳಿ ಮತ್ತೆ ಹಿಡಿಯಲ್ಲ, ಕೂಡಿಹೋದ ಮನೆ ಸುತ್ತ ಮಿಕ್ಕ ಮೂರು ಬಣ್ಣವೂ ಇದ್ವು. ಸಾಲು ಬದಲಿ ಮಾಡಾಕೆ ಯಾರಿಗೂ ಧೈರ್ಯ ಇಲ್ಲ. ಐದನೇ ಬಣ್ಣ ಒಂದೇ ದಾರಿ.

"ಹಸಿರಕ್ಕ!" ಯಜಮಾನ ಕೂಗ್ದ. "ಎಲೆ ಯಾವ್ದು ಹೇಳವ್ವ, ಬೆಟ್ಟಕ್ಕೆ ಜನ ಓಡಿಸ್ತೀನಿ. ಹೊತ್ತು ಮುಳುಗೋಕೆ ಮುಂಚೆ ಬಳೀಬೇಕು!"

ಹಸಿರವ್ವ ಅವನನ್ನ ನೋಡಿದ್ಳು. ಮೆಲ್ಲಗೆ, ದೊರೆ ಮಾತಾಡೋ ಹಂಗೇ ಮಾತಾಡಿದ್ಳು: "ಎರಡು ಸಾಲನ್ನ ಬೇರೆ ಬೇರೆ ನೋಡಿದ್ದೇ ತಪ್ಪು ಯಜಮಾನ್ರೆ. ಮೊದಲನೇದು ಬದಲಾದ ಕೂಡ್ಲೇ ಎರಡನೇದರ ದಾರಿ ಬೇರೆ ಆಗುತ್ತೆ. ಅದನ್ನ ಮತ್ತೆ ನೋಡ್ಬೇಕಿತ್ತು. ನೋಡ್ಲಿಲ್ಲ."

"ಅದಿರ್ಲಿ ಕಣವ್ವ, ಎಲೆ?"

"ಯಾವ ಎಲೆ?"

ಯಜಮಾನ ದೊರೆ ಕಡೆ ತಿರುಗ್ದ. "ಹಂಗಾದ್ರೆ ಅದು ನಿಮ್ಮತ್ರ ಬಂದಿರ್ಬೇಕು ದೊರೆ. ಹೇಳಿ! ಅವಳಲ್ಲಿದ್ದಿದ್ದು ನಿಮಗೆ ಹರಿದೈತೆ!"

ಹರಿದಿತ್ತು. ಆದ್ರೆ ಕರಗಿದ್ದು ಪೂರ್ತಿ ಹರಿಯಲ್ಲ, ದಾರೀಲಿ ಇಂಗುತ್ತೆ. ದೊರೆಗೆ ಎಲೆಯ ವಾಸನೆ ಬಂದಿತ್ತು, ಕಿತ್ತಾಗ ಬೆರಳಿಗೆ ಹತ್ತೋ ಅಂಟು ಬಂದಿತ್ತು, ಅರೆಯೋವಾಗ ಅವಳ ತಾಯಿ ಗುನುಗ್ತಿದ್ದ ಹಾಡು ಬಂದಿತ್ತು. ಎಲೆ ಆಕಾರ ಬಂದಿರ್ಲಿಲ್ಲ.

ಅವ್ನು ಎದ್ದು ಓಡಿದ. ಮುಳ್ಳುಬೆಟ್ಟ ಹತ್ತಿದ, ಹತ್ತಿ ಅಭ್ಯಾಸ ಇದ್ದೋನ ಹಂಗೆ. ಕಂಡ ಕಂಡ ಎಲೆ ಮೂಸಿದ. ಒಂದರಲ್ಲಿ ವಾಸನೆ ಇದ್ರೆ ಅಂಟಿಲ್ಲ, ಇನ್ನೊಂದರಲ್ಲಿ ಅಂಟಿದ್ರೆ ವಾಸನೆ ಇಲ್ಲ. ಸಿಕ್ಕಿದ್ದೆಲ್ಲ ತರ್ದು ಹೊತ್ಕೊಂಡು, ರಕ್ತದ ಕಾಲಲ್ಲಿ ಇಳಿದು ಬಂದ. ಹೊಸ ಹುಡುಗಿ ತನ್ನ ಮದುವೆ ಗಡಿಗೆ ತಂದುಕೊಟ್ಳು. ಎಲೆ ಅರೆದ, ಕುದಿಸ್ದ, ಆ ತಾಯಿ ಹಾಡು ಗುನುಗ್ದ. ಕುಂಚ ಅದ್ದಿ ಗೋಡೆಗೆ ಎಳೆದ.

ಸಗಣಿ ಬಣ್ಣ ಬಂತು. ಒಂದು ಗಳಿಗೆ ಗೋಡೆ ಮೇಲೆ ನಿಂತು, ಕಾವಿ ಕಡೆ ತಿರುಗಿ, ಜಾರಿ ನೆಲಕ್ಕೆ ಬಿತ್ತು.

ಹೊತ್ತು ಮುಳುಗ್ತು.

ಮನೆಗೆ ಮಣ್ಣು ತುಂಬಿದ್ರು. ಇಬ್ರನ್ನೂ ಗಡಿಕಲ್ಲಿನಾಚೆ ಬಿಟ್ರು. ಯಾರೂ ಬೈಲಿಲ್ಲ. ಯಜಮಾನ ತನ್ನ ಹೆಗಲ ವಸ್ತ್ರ ತೆಗೆದು ದೊರೆ ಕಾಲಿಗೆ ಸುತ್ತಿ ಹೋದ.

ಆಚೆ ಬಯಲಲ್ಲಿ ಇಬ್ರೂ ಎರಡು ಗುಡಿಸಲು ಹಾಕ್ಕೊಂಡ್ರು. ಒಂದಕ್ಕೊಂದು ತಾಕಬಾರದು ಅಂತ ದೂರ ದೂರ ಹಾಕಿದ್ರು, ನಡುವೆ ಬರೀ ಗಾಳಿ. ಅವಳು ಬೂದಿ ಹರಡ್ಕೊಂಡು ಕೂರೋಳು, ಮನೆ ಬರೆಯೋಳು, ಅಳಿಸೋಳು. ಅವ್ನು ದಿನಾ ಬೆಳಿಗ್ಗೆ ಬೆಟ್ಟ ಹತ್ತೋನು, ಸಂಜೆಗೆ ಸಗಣಿ ಬಣ್ಣ ಕುದಿಸೋನು. ಅವ್ನು ಮಾಡ್ಬೇಕಾದ್ದನ್ನ ಅವಳು ಮಾಡೋಳು, ಅವಳು ಮಾಡ್ಬೇಕಾದ್ದನ್ನ ಅವ್ನು ಮಾಡೋನು. ಒಬ್ರು ಇನ್ನೊಬ್ರ ಹೊರೆ ಹೊತ್ರೂ ಯಾರ ಬೆನ್ನೂ ಹಗುರ ಆಗ್ಲಿಲ್ಲ.

ಒಂದೇ ಒಂದು ಅವಳಲ್ಲೇ ಉಳಿದಿತ್ತು. ಅಡಿಗೆ ಆದಾಗ ರುಬ್ಬೋ ಗುಂಡು ಕೈಗೆ ತಗೊಳ್ಳೋಳು. ತಗೊಂಡು ಅತ್ತ ಇತ್ತ ನೋಡೋಳು. ತಟ್ಟೋಕೆ ಗೋಡೆ ಇರ್ಲಿಲ್ಲ. ಗುಂಡು ಹಿಡ್ಕೊಂಡು ಹಂಗೇ ನಿಂತಿರೋಳು. ಆ ಕಡೆ ಗುಡಿಸಲಲ್ಲಿ ಅವ್ನು ಬೆರಳು ಮಡಿಸ್ಕೊಂಡು, ಯಾರೋ ಕರೀಬೇಕಿತ್ತಲ್ಲ ಅಂತ ಕಾಯ್ತಿರೋನು. ಅಡಿಗೆ ಆರಿ ಹೋಗೋದು.

ಹಿಂಗೇ ಕಾಯ್ತಾ ಮೊದಲು ಅವ್ನು ಹೋದ. ಅವ್ನ ಅಂಗೈಲಿ ಒಂದು ಕಲೆ ಇತ್ತು. ಹಸಿರು ಅಲ್ಲ, ಹಸಿರಲ್ಲ ಅಂತ ಅನ್ನೋಕೂ ಆಗಲ್ಲ. ಆಮೇಲೆ ಅವಳು ಹೋದ್ಳು.

ಎಷ್ಟೋ ಕಾಲ ಆದ್ಮೇಲೆ ಆ ಊರಿಗೆ ಲೆಕ್ಕ ಹಾಕೋ, ಕಣ್ಣಿಲ್ದ ಒಂದು ಕಬ್ಬಿಣದ ಯಂತ್ರ ಬಂತು. ಅದರ ಮುಂದೆ ಊರಿನ ನಕ್ಷೆ ಇಟ್ರು. ಅದು ಗಡಗಡ ಅಂದು, ಎಲ್ಲಾ ಬಗೆಯ ಊರೂ ತಿರುವಿ ಹಾಕಿ, ದೊರೆ ಮಾತು ನಿಜ, ನಾಲ್ಕೇ ಸಾಕು ಅಂತು. ಯಾಕೆ ಅಂತ ಕೇಳಿದ್ರು. ಯಂತ್ರ ಇನ್ನೊಂದು ಸಲ ಗಡಗಡ ಅಂದು, ನಾಲ್ಕೇ ಸಾಕು ಅಂತು. ಮಾತು ನಿಜ ಇತ್ತು, ಅವ್ನು ಹೋದ ದಾರಿ ಮುರಿದಿತ್ತು. ಮುರಿದ ದಾರೀಲೇ ಅವಳ ಗಡಿಗೆ ಹೋಗಿತ್ತು.

ಈಗಲೂ ಬಳಿಯೋ ಹಬ್ಬದ ದಿನ ಆ ಊರೋರು ಐದು ಗಡಿಗೆ ಹೊರ್ತಾರೆ. ನಾಲ್ಕರಲ್ಲಿ ಬಣ್ಣ, ಐದನೇದು ಬರಿದು. ಮನೆಗಳೆಲ್ಲ ಬಳಿದು ಮುಗಿದ್ಮೇಲೆ ಬರೀ ಗಡಿಗೆನ ಗಡಿಕಲ್ಲಿನ ಹತ್ರ ತಂದಿಡ್ತಾರೆ. ಊರಿನ ಹಿರಿ ಹೆಂಗಸೊಬ್ಳು ರುಬ್ಬೋ ಗುಂಡು ತಗೊಂಡು ಅದರ ಕಂಠಕ್ಕೆ ತಟ್ತಾಳೆ. ಟೊಕ್ ಟೊಕ್.

ಆಮೇಲೆ ಎಲ್ಲಾ ಹಾಡು ನಿಲ್ಸಿ, ಮಕ್ಕಳ ಬಾಯಿಗೆ ಕೈ ಅಡ್ಡ ಹಿಡ್ದು, ಬಯಲ ಕಡೆ ಕಿವಿ ಕೊಟ್ಟು ನಿಲ್ತಾರೆ, ಆ ಕಡೆಯಿಂದ ಒಂದು ಟೊಕ್ ಬರುತ್ತೇನೋ ಅಂತ.